ಕಾಲು ಎಚ್‌ಪಿ ಚಿಲ್ಲರ್: 150 ಲೀಟರಿನ ತಣ್ಣೀರ ಉಬ್ಬರಕೊಳಕ್ಕೆ ಸಾಕೇ?

ಸಾಕು, ಆದರೆ ತೊಟ್ಟಿಗೆ ಶಾಖನಿರೋಧಕ ಹೊದಿಕೆ ಇದ್ದರೆ ಮಾತ್ರ. (ಚಿಲ್ಲರ್ ಎಂದರೆ ತೊಟ್ಟಿಯ ನೀರನ್ನು ತಣ್ಣಗಿಡುವ ಯಂತ್ರ. ಉಬ್ಬರಕೊಳ ಎಂದರೆ ಕಡಲು ಇಳಿದಾಗ ಬಂಡೆಗಳ ನಡುವೆ ನೀರು ಉಳಿಯುವ ಕೊಳ, ಇಲ್ಲಿ ಅದರ ಜೀವಿಗಳನ್ನು ಸಾಕುವ ಗಾಜಿನ ತೊಟ್ಟಿ.) ಬರೀ ಗಾಜಿನ ತೊಟ್ಟಿಗೆ ಇದನ್ನೇ ಕಟ್ಟಿದರೆ ಹಗಲೂ ರಾತ್ರಿ ಓಡುತ್ತಲೇ ಇರುತ್ತದೆ, ಬೇಸಿಗೆಯ ಮಧ್ಯಾಹ್ನ ಕೈಕೊಡುತ್ತದೆ. ಯಂತ್ರ ಒಂದೇ ಆದರೂ ಒಬ್ಬರು ಇದನ್ನು ಹೊಗಳುವುದು, ಇನ್ನೊಬ್ಬರು ಬೈಯುವುದು ಈ ಕಾರಣಕ್ಕೇ. ಇಲ್ಲಿ ಪರಿಶೀಲಿಸುತ್ತಿರುವುದು ಒಂದು ನಿರ್ದಿಷ್ಟ ಬ್ರ್ಯಾಂಡನ್ನಲ್ಲ. ಕಂಪ್ರೆಸರ್, ಟೈಟಾನಿಯಂ ಸುರುಳಿ, ಡಿಜಿಟಲ್ ಥರ್ಮೋಸ್ಟಾಟ್ ಇರುವ, ಪಂಪಿನ ಪೈಪಿಗೆ ನಡುವೆ ಜೋಡಿಸುವ ಕಾಲು ಎಚ್‌ಪಿ ವರ್ಗದ ಚಿಲ್ಲರುಗಳನ್ನು. ಹೊರಗಿನ ಡಬ್ಬಿ ಬೇರೆಯಾದರೂ ಒಳಗಿನ ಗುಣದೋಷಗಳು ಬಹುಮಟ್ಟಿಗೆ ಒಂದೇ.

ಮೊದಲು ಪೆಟ್ಟಿಗೆಯ ಮೇಲಿನ ಅಂಕಿಯ ವಿಚಾರ. "ಇಷ್ಟು ನೂರು ಲೀಟರಿಗೆ ಸೂಕ್ತ" ಎಂದು ಅಲ್ಲಿ ಬರೆದಿರುವುದು ಹವಳದ ತೊಟ್ಟಿಯವರಿಗಾಗಿ. 29 ಡಿಗ್ರಿ ನೀರನ್ನು 25ಕ್ಕೆ ಇಳಿಸಿ ಅಲ್ಲೇ ಹಿಡಿದಿಡುವುದು ಅವರ ಕೆಲಸ. ಉಬ್ಬರಕೊಳದ ಜೀವಿಗಳಿಗೆ ಬೇಕಾದದ್ದು 11ರಿಂದ 13 ಡಿಗ್ರಿ. ಕೋಣೆ 26 ಇದ್ದರೆ ವ್ಯತ್ಯಾಸ 14 ಡಿಗ್ರಿ. ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ: ನೀರು ತಣ್ಣಗಾದಷ್ಟೂ ಕಂಪ್ರೆಸರಿನ ಬಲವೇ ಕುಗ್ಗುತ್ತದೆ. ಸುರುಳಿಯ ಉಷ್ಣತೆ ಇಳಿದಾಗ ಒಳಗಿನ ಶೀತಕದ ಆವಿ ತೆಳುವಾಗುತ್ತದೆ, ಕಂಪ್ರೆಸರಿನ ಪ್ರತಿ ಹೊಡೆತಕ್ಕೂ ಕಡಿಮೆ ಶೀತಕ ಸಾಗುತ್ತದೆ. 25 ಡಿಗ್ರಿ ನೀರಿನಲ್ಲಿ ತೋರಿಸುವ ಸಾಮರ್ಥ್ಯದಲ್ಲಿ ಮೂರನೇ ಒಂದರಿಂದ ಅರ್ಧದಷ್ಟು 12 ಡಿಗ್ರಿಗೆ ಬರುವ ಹೊತ್ತಿಗೆ ಕರಗಿಹೋಗಿರುತ್ತದೆ. ಕಾಲು ಎಚ್‌ಪಿ ಯಂತ್ರ 12 ಡಿಗ್ರಿಯಲ್ಲಿ 300 ವ್ಯಾಟ್ ಶಾಖ ಎಳೆಯುತ್ತದೆ ಎಂದು ಹಿಡಿದು ಲೆಕ್ಕ ಹಾಕುವುದು ಕ್ಷೇಮ. ಹೆಚ್ಚು ಎಳೆದರೆ ಲಾಭ, ನಷ್ಟವಂತೂ ಇಲ್ಲ.

ಈಗ ತೊಟ್ಟಿಯ ಕಡೆ. 90 × 45 × 45 ಸೆಂ.ಮೀ. ಅಳತೆಯ, 10 ಮಿ.ಮೀ. ಗಾಜಿನ ತೊಟ್ಟಿ ಎಂದುಕೊಳ್ಳಿ. ಕಲ್ಲು ಕಳೆದು ನೀರು ಸುಮಾರು 150 ಲೀಟರ್. ಹೊದಿಕೆಯೇ ಇಲ್ಲದಿದ್ದರೆ ನಾಲ್ಕು ಗೋಡೆ ಮತ್ತು ತಳದಿಂದಲೇ 160 ವ್ಯಾಟ್ ಶಾಖ ಒಳಬರುತ್ತದೆ. ತೆರೆದ ಮೇಲ್ಭಾಗ, ಗಾಜಿನ ಮೇಲೆ ಸಾಂದ್ರಗೊಳ್ಳುವ ತೇವ ಸೇರಿದರೆ 220ರಿಂದ 250. ಪಂಪು, ದೀಪ ಕೂಡಿಸಿದರೆ 290ರ ಆಸುಪಾಸು. ಯಂತ್ರದ ಸಾಮರ್ಥ್ಯ 300. ಅಂದರೆ ಉಸಿರಾಡಲೂ ಪುರಸೊತ್ತಿಲ್ಲ.

ಅದೇ ತೊಟ್ಟಿಯ ಹಿಂಬದಿ, ಎರಡು ಪಕ್ಕ ಮತ್ತು ತಳಕ್ಕೆ 50 ಮಿ.ಮೀ. ಎಕ್ಸ್‌ಪಿಎಸ್ (ಗಟ್ಟಿ ಪಾಲಿಸ್ಟೈರೀನ್) ಫೋಮ್ ಹಲಗೆ ಅಂಟಿಸಿ. ಆ ನಾಲ್ಕೂ ಮುಖಗಳಿಂದ ಬರುವ ಶಾಖ ಒಟ್ಟು 10 ವ್ಯಾಟಿಗೆ ಇಳಿಯುತ್ತದೆ. ಮುಂದೆ 12 ಮಿ.ಮೀ. ಗಾಳಿಯ ಅಂತರ ಬಿಟ್ಟು ಎರಡನೇ ಗಾಜು ಕೂರಿಸಿದರೆ ಅಲ್ಲಿಂದ 18 ವ್ಯಾಟ್. ಮೇಲೊಂದು ಅಕ್ರಿಲಿಕ್ ಮುಚ್ಚಳ ಹಾಕಿದರೆ ಅಲ್ಲಿಂದ 20ರ ಹತ್ತಿರ. ಪಂಪು, ದೀಪ ಎಲ್ಲ ಸೇರಿ 90 ವ್ಯಾಟ್ ಮೀರುವುದಿಲ್ಲ. ಈಗ ಕಾಲು ಎಚ್‌ಪಿ ಯಂತ್ರ ಗಂಟೆಗೆ 18 ನಿಮಿಷ ಓಡಿದರೆ ಸಾಕು. ಫೋಮ್ ಹಲಗೆಗೆ ಹಾಕುವ ಹಣ ಕಾಲು ಎಚ್‌ಪಿಯಿಂದ ಅರ್ಧ ಎಚ್‌ಪಿಗೆ ಏರುವ ಹಣಕ್ಕಿಂತ ಎಷ್ಟೋ ಕಡಿಮೆ, ಕರೆಂಟ್ ಬಿಲ್ಲಿನಲ್ಲಿ ಉಳಿಯುವುದು ಬೇರೆ. ಆದ್ದರಿಂದ ದೊಡ್ಡ ಯಂತ್ರ ಕೊಳ್ಳುವ ಯೋಚನೆ ಫೋಮ್ ಅಂಟಿಸಿ, ಲೆಕ್ಕ ಹಾಕಿ ನೋಡಿದ ಮೇಲೆ ಬರಲಿ.

ಫೋಮ್ ಅಂಟಿಸುವಾಗ ಅಂಚುಗಳನ್ನು ಸಿಲಿಕೋನಿನಿಂದ ಪೂರ್ತಿ ಮುಚ್ಚಬೇಕು. ಒಂದು ಬೆರಳಷ್ಟು ಸಂದು ಉಳಿದರೂ ಕೋಣೆಯ ಗಾಳಿ ಒಳಹೋಗಿ, ತಣ್ಣನೆಯ ಗಾಜಿನ ಮೇಲೆ ನೀರಾಗಿ, ಹಲಗೆಯ ಹಿಂದೆ ಬೂಷ್ಟು ಹಿಡಿಯುತ್ತದೆ. ಎರಡನೇ ಗಾಜಿನದ್ದೂ ಇದೇ ಕತೆ. ನಡುವಿನ ಅಂತರದಲ್ಲಿ ತೇವ ಹೀರುವ ಸಿಲಿಕಾ ಹರಳು ತುಂಬಿದ ಪಟ್ಟಿ ಇಟ್ಟು, ಒಣಹವೆಯ ದಿನ ಮುಚ್ಚಬೇಕು. ಒಳಗೆ ಮಂಜು ಕಟ್ಟಿಕೊಂಡರೆ ಒರೆಸಲು ದಾರಿಯೇ ಇರುವುದಿಲ್ಲ. ನೀರಿನ ಒತ್ತಡ ತಡೆಯುವುದು ಒಳಗಿನ ಗಾಜು ಮಾತ್ರ, ಹಾಗಾಗಿ ಹೊರಗಿನದು 4 ಅಥವಾ 5 ಮಿ.ಮೀ. ಇದ್ದರೆ ಆಯಿತು.

ಮುಂಗಾಜು ಬೆವರುವುದನ್ನು ತಡೆಯುವುದು ಬರೀ ಅಂದಕ್ಕಲ್ಲ. 26 ಡಿಗ್ರಿ, ಶೇ 60 ತೇವಾಂಶದ ಕೋಣೆಯಲ್ಲಿ ಇಬ್ಬನಿ ಬಿಂದು ಸುಮಾರು 17.6 ಡಿಗ್ರಿ. ಅದಕ್ಕಿಂತ ತಣ್ಣಗಿರುವ ಯಾವ ಮೈಯೂ ಒದ್ದೆಯಾಗುತ್ತದೆ. ಒಂಟಿ ಗಾಜಿನ ಹೊರಮೈ 13–14 ಡಿಗ್ರಿಯಲ್ಲಿರುತ್ತದೆ, ಸುರಿಯುವ ನೀರು ಸ್ಟ್ಯಾಂಡಿನ ಮರವನ್ನು ಉಬ್ಬಿಸುತ್ತದೆ, ಕೆಳಗಿನ ಪ್ಲಗ್ ಬೋರ್ಡಿಗೂ ಇಳಿಯುತ್ತದೆ. ಜೋಡಿ ಗಾಜಿನ ಹೊರಮೈ 20ರ ಮೇಲಿರುತ್ತದೆ, ಒಣಗಿರುತ್ತದೆ. 25 ಮಿ.ಮೀ. ದಪ್ಪದ ಅಕ್ರಿಲಿಕ್ ಆದರೂ ನಡೆಯುತ್ತದೆ, ಹೊರಮೈ 19ರ ಸುಮಾರಿಗೆ ನಿಲ್ಲುತ್ತದೆ. ಆದರೆ ಮುಳ್ಳುಚೆಂಡಿನಂತಿರುವ ಕಡಲಜೀವಿ ಅರ್ಚಿನ್ ಸಾಕುವವರು ಅಕ್ರಿಲಿಕ್ ಕಡೆ ಹೋಗದಿರುವುದೇ ಮೇಲು. ಪಾಚಿ ಕೆರೆಯುವ ಅವುಗಳ ಹಲ್ಲು ಅಕ್ರಿಲಿಕ್ಕಿನಲ್ಲಿ ಗೀರು ಬಿಡುತ್ತದೆ. ಚಿಲ್ಲರಿಗೆ ಹೋಗಿಬರುವ ಪೈಪುಗಳಿಗೂ ಕನಿಷ್ಠ 13 ಮಿ.ಮೀ. ದಪ್ಪದ ನೈಟ್ರೈಲ್ ಫೋಮ್ ಕೊಳವೆ ತೊಡಿಸಿ.

ತೇವಾಂಶದಿಂದ ಆಗುವ ಇನ್ನೊಂದು ಪರಿಣಾಮ ಹವಳದ ತೊಟ್ಟಿಯಿಂದ ಬಂದವರಿಗೆ ಹೊಸದು. ಅಲ್ಲಿ ನೀರು ಆವಿಯಾಗುತ್ತದೆ, ಉಪ್ಪು ಏರುತ್ತದೆ, ಸಿಹಿನೀರು ಸೇರಿಸುತ್ತಾರೆ. ಇಲ್ಲಿ ನೀರು ಇಬ್ಬನಿ ಬಿಂದುವಿಗಿಂತ ತಣ್ಣಗಿದ್ದರೆ ಗಾಳಿಯ ತೇವವೇ ತೊಟ್ಟಿಗೆ ಇಳಿಯುತ್ತದೆ, ಉಪ್ಪು ನಿಧಾನವಾಗಿ ಕಡಿಮೆಯಾಗುತ್ತದೆ. ಮುಚ್ಚಳ ಇದನ್ನೂ ತಡೆಯುತ್ತದೆ. ಫ್ಯಾನ್ ಬೀಸಿ ತಂಪು ಮಾಡುವ ಉಪಾಯ ಇಲ್ಲಿ ಏಕೆ ನಡೆಯುವುದಿಲ್ಲ ಎಂಬುದಕ್ಕೂ ಇದರಲ್ಲೇ ಉತ್ತರವಿದೆ. 26 ಡಿಗ್ರಿ, ಶೇ 60 ತೇವಾಂಶದ ಆ ಕೋಣೆಯಲ್ಲಿ ಆವಿಯಾಗುವಿಕೆಯಿಂದ ಸುಮಾರು 20 ಡಿಗ್ರಿಯ ಕೆಳಗೆ ಇಳಿಯಲು ಸಾಧ್ಯವೇ ಇಲ್ಲ. 12 ಡಿಗ್ರಿ ನೀರಿಗೆ ಫ್ಯಾನ್ ಹಾಕಿದರೆ ಅದು ಬಿಸಿಯನ್ನೇ ತುಂಬುತ್ತದೆ.

ಯಂತ್ರದ ಒಳಭಾಗಕ್ಕೆ ಬರೋಣ. ಸುರುಳಿ ಟೈಟಾನಿಯಂ ಆಗಿರಲೇಬೇಕು. ತಾಮ್ರ ಅಥವಾ ತಾಮ್ರ-ನಿಕಲ್ ಸುರುಳಿಯಿಂದ ಕರಗುವ ತಾಮ್ರ ಬೆನ್ನುಮೂಳೆಯಿಲ್ಲದ ಜೀವಿಗಳಿಗೆ ವಿಷ, ಅನಿಮೋನ್ (ಬಂಡೆಗೆ ಅಂಟಿಕೊಂಡು ಹೂವಿನಂತೆ ಕಾಣುವ ಪ್ರಾಣಿ) ಮತ್ತು ನಕ್ಷತ್ರಮೀನು ಮೊದಲು ಸಾಯುತ್ತವೆ. ಸ್ಟೇನ್‌ಲೆಸ್ ಸ್ಟೀಲಿಗೂ ಉಪ್ಪುನೀರಿನಲ್ಲಿ ಚುಕ್ಕೆ ಚುಕ್ಕೆಯಾಗಿ ತೂತು ಬೀಳುತ್ತದೆ. "ತುಕ್ಕುನಿರೋಧಕ" ಎಂದಷ್ಟೇ ಬರೆದು ಲೋಹದ ಹೆಸರು ಹೇಳದ ಯಂತ್ರ ಬೇಡ.

ಹರಿವು ಗಂಟೆಗೆ 1500 ಲೀಟರ್ ಸುಮಾರಿಗೆ ಇಟ್ಟರೆ ಈ ವರ್ಗದ ಯಂತ್ರಗಳು ನೆಮ್ಮದಿಯಾಗಿ ಕೆಲಸ ಮಾಡುತ್ತವೆ. ನಿಮ್ಮ ಮಾದರಿಯ ಕೈಪಿಡಿಯ ಮಿತಿಯನ್ನೂ ನೋಡಿಕೊಳ್ಳಿ. ಆ ಹರಿವಿನಲ್ಲಿ ಹೊರಬರುವ ನೀರು ಒಳಹೋಗುವ ನೀರಿಗಿಂತ ಕೇವಲ 0.2 ಡಿಗ್ರಿ ತಣ್ಣಗಿರುತ್ತದೆ. ಪೈಪು ಮುಟ್ಟಿ ನೋಡಿ "ತಂಪೇ ಆಗುತ್ತಿಲ್ಲ" ಎಂದು ಯಂತ್ರ ವಾಪಸ್ ಕಳಿಸುವವರಿದ್ದಾರೆ, ಪಾಪ. ಹಾಗೆ ಮುಟ್ಟಿ ಅಳೆಯಲು ಬರುವುದಿಲ್ಲ. ಮೊದಲ ಬಾರಿ 26ರಿಂದ 12ಕ್ಕೆ ಇಳಿಸಲು ಹೊದಿಕೆಯಿರುವ 150 ಲೀಟರಿಗೆ ಏಳರಿಂದ ಒಂಬತ್ತು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತು ಬಿಟ್ಟು, ತೊಟ್ಟಿಯ ಥರ್ಮಾಮೀಟರ್ ನೋಡಿ ತೀರ್ಮಾನಿಸಿ. ನಂತರದ ಓಟ ಹೀಗಿರಬೇಕು: ಥರ್ಮೋಸ್ಟಾಟಿನ ವ್ಯತ್ಯಾಸ 1 ಡಿಗ್ರಿ ಇದ್ದರೆ ಸುಮಾರು 50 ನಿಮಿಷ ಓಡಿ, ಎರಡು ಗಂಟೆಗೆ ತುಸು ಕಡಿಮೆ ಸುಮ್ಮನಿರುವುದು. ವಿರಾಮ ದಿನೇದಿನೇ ಕುಗ್ಗುತ್ತಿದ್ದರೆ ಬಿಸಿ ಹೊರಹಾಕುವ ಕಂಡೆನ್ಸರ್ ಧೂಳು ಹಿಡಿದಿದೆ, ಇಲ್ಲವೇ ಹರಿವು ತಗ್ಗಿದೆ. ಒಂದು ಕಾಗದದ ಮೇಲೆ ಆಗಾಗ ಈ ಎರಡು ಸಮಯ ಬರೆದಿಟ್ಟರೆ ಯಂತ್ರದ ಆರೋಗ್ಯ ತಾನಾಗಿ ತಿಳಿಯುತ್ತದೆ.

ಈ ವರ್ಗದ ನಿಜವಾದ ದೋಷ ಸೆನ್ಸರ್ ಇರುವ ಜಾಗ. ಬಹುತೇಕ ಯಂತ್ರಗಳಲ್ಲಿ ಅದು ಶಾಖ ವಿನಿಮಯ ಕೋಶದ ಒಳಗೇ ಇದೆ. ಪಂಪು ನಿಂತರೆ ಕೋಶದೊಳಗಿನ ಒಂದೆರಡು ಲೀಟರ್ ನೀರು ಬೇಗ ತಣ್ಣಗಾಗುತ್ತದೆ, ಸೆನ್ಸರಿಗೆ ಗುರಿ ಮುಟ್ಟಿದಂತೆ ಕಾಣುತ್ತದೆ, ಕಂಪ್ರೆಸರ್ ನಿಲ್ಲುತ್ತದೆ. ಪರದೆಯ ಮೇಲೆ 12. ತೊಟ್ಟಿಯಲ್ಲಿ 17. ಹಾಗಾಗಿ ಚಿಲ್ಲರಿನ ಪರದೆಯನ್ನು ನಂಬಿ ಕೂರಬಾರದು, ತೊಟ್ಟಿಯ ನೀರಿನಲ್ಲೇ ಅಲಾರಂ ಇರುವ ಪ್ರತ್ಯೇಕ ಥರ್ಮಾಮೀಟರ್ ಬೇಕು. 15ಕ್ಕೆ ಮೇಲಿನ ಅಲಾರಂ, 9ಕ್ಕೆ ಕೆಳಗಿನದು. ಕೆಳಗಿನ ಅಲಾರಂ ಯಾಕೆಂದರೆ ಒಳಗಿನ ಸ್ವಿಚ್ (ರಿಲೇ) ಅಂಟಿಕೊಂಡು ಕಂಪ್ರೆಸರ್ ನಿಲ್ಲದೇ ಹೋದರೆ, ಚೆನ್ನಾಗಿ ಹೊದಿಸಿದ ತೊಟ್ಟಿಯನ್ನು ಅದು ಬೇಕಾದ್ದಕ್ಕಿಂತ ಬಹಳ ಕೆಳಕ್ಕೆ ಎಳೆದುಬಿಡುತ್ತದೆ. ಹೊರಗಿನ ಕಂಟ್ರೋಲರ್ ಬಳಸುವವರು ಅದರಲ್ಲಿ ಕನಿಷ್ಠ 3 ನಿಮಿಷದ ವಿಳಂಬ ಹೊಂದಿಸಿ. ನಿಂತ ಕಂಪ್ರೆಸರನ್ನು ಒಳಗಿನ ಒತ್ತಡ ಸಮವಾಗುವ ಮೊದಲೇ ಮತ್ತೆ ಚಾಲೂ ಮಾಡಿದರೆ ಮೋಟರಿನ ಆಯಸ್ಸು ಮುಗಿಯುತ್ತದೆ.

ಯಂತ್ರವನ್ನು ಸ್ಟ್ಯಾಂಡಿನ ಕಪಾಟಿನೊಳಗೆ ಬಚ್ಚಿಡುವ ಆಸೆ ಎಲ್ಲರಿಗೂ ಇರುತ್ತದೆ. ಬೇಡ. ನೀರಿನಿಂದ ಎಳೆದ ಶಾಖ ಮತ್ತು ತಾನೇ ಬಳಸಿದ ವಿದ್ಯುತ್ ಎರಡನ್ನೂ ಅದು ಬಿಸಿಗಾಳಿಯಾಗಿ ಹೊರಹಾಕುತ್ತದೆ, ಓಡುವಾಗ 500 ವ್ಯಾಟಿಗೆ ಕಡಿಮೆಯಿಲ್ಲ. ಮುಚ್ಚಿದ ಕಪಾಟಿನಲ್ಲಿ ಅದೇ ಬಿಸಿಗಾಳಿ ಮತ್ತೆ ಒಳಬಂದು ಸಾಮರ್ಥ್ಯ ಕುಸಿಯುತ್ತದೆ. ಗಾಳಿ ಒಳಬರುವ, ಹೊರಹೋಗುವ ಎರಡೂ ಕಡೆ 30 ಸೆಂ.ಮೀ. ಜಾಗ ಬಿಡಿ. ಸಾಧ್ಯವಾದರೆ ಗೋಡೆಯಲ್ಲಿ ರಂಧ್ರ ಕೊರೆದು ಪಕ್ಕದ ಕೋಣೆಯಲ್ಲಿ ಇಡಿ, ಸದ್ದಿನ ಕಾಟವೂ ತಪ್ಪುತ್ತದೆ. ಸದ್ದು ಹಳೆಯ ಫ್ರಿಜ್ಜಿನಷ್ಟಿರುತ್ತದೆ. ಮಲಗುವ ಕೋಣೆಗೆ ಹೇಳಿದ್ದಲ್ಲ.

ಇದರ ಬದಲಿಗೆ ಬೇರೇನು? ಕಂಪ್ರೆಸರಿಲ್ಲದೆ ವಿದ್ಯುತ್ತಿನಿಂದಲೇ ತಂಪು ಮಾಡುವ ಪೆಲ್ಟಿಯರ್ ಪ್ರೋಬ್‌ಗಳು ಹೆಚ್ಚು ಸದ್ದಿಲ್ಲದವು, ಸಣ್ಣವು. ಚೆನ್ನಾಗಿ ಹೊದಿಸಿದ 20–40 ಲೀಟರಿನ ತೊಟ್ಟಿಯನ್ನು ಕೆಲವೇ ಡಿಗ್ರಿ ಇಳಿಸಲು ಸರಿ, 14 ಡಿಗ್ರಿ ವ್ಯತ್ಯಾಸಕ್ಕೆ ಬಾರವು. ಚಿಕ್ಕ ಫ್ರಿಜ್ಜಿನೊಳಗೆ ಪ್ಲಾಸ್ಟಿಕ್ ಪೈಪು ಸುತ್ತಿ ನೀರು ಹರಿಸುವ ಮನೆಮದ್ದೂ ಬೇಡ. ತಣ್ಣಗಿರುವುದನ್ನು ತಣ್ಣಗೆ ಇಡಲು ಮಾಡಿದ ಸಾಧನ ಅದು, ಸತತ ಶಾಖ ಎಳೆಯಲು ಅಲ್ಲ. ಮೇಲಾಗಿ ಪ್ಲಾಸ್ಟಿಕ್ ಶಾಖವನ್ನು ಸರಿಯಾಗಿ ದಾಟಿಸುವುದಿಲ್ಲ. 1/10 ಎಚ್‌ಪಿ ಚಿಲ್ಲರ್ 60 ಲೀಟರಿನ ಹೊದಿಸಿದ ತೊಟ್ಟಿಗೆ ಸಾಕು. 250 ಲೀಟರ್ ದಾಟಿದರೆ, ಅಥವಾ ಕೋಣೆ 30ರ ಮೇಲೆ ಹೋಗುತ್ತಿದ್ದರೆ ಅರ್ಧ ಎಚ್‌ಪಿ ತೆಗೆದುಕೊಳ್ಳಿ.

ತಣ್ಣೀರಿನಲ್ಲಿ ಸೈಕಲ್ ಮಾಡುವುದು, ಅಂದರೆ ಜೀವಿಗಳನ್ನು ಬಿಡುವ ಮೊದಲು ವಿಷವಾದ ಅಮೋನಿಯವನ್ನು ಕರಗಿಸುವ ಬ್ಯಾಕ್ಟೀರಿಯಗಳನ್ನು ತೊಟ್ಟಿಯಲ್ಲಿ ಬೆಳೆಸುವುದು, ತಾಳ್ಮೆಯ ಕೆಲಸ. ಅಮೋನಿಯ ತಿನ್ನುವ ಬ್ಯಾಕ್ಟೀರಿಯಗಳ ಚಟುವಟಿಕೆ ಹತ್ತು ಡಿಗ್ರಿ ಇಳಿದರೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಹವಳದ ತೊಟ್ಟಿ ನಾಲ್ಕು ವಾರದಲ್ಲಿ ಸಿದ್ಧವಾದರೆ ಇದಕ್ಕೆ ಎಂಟರಿಂದ ಹನ್ನೆರಡು ವಾರ ಕೊಡಿ. 20 ಡಿಗ್ರಿಯಲ್ಲಿ ಸೈಕಲ್ ಮುಗಿಸಿ ಆಮೇಲೆ ಚಿಲ್ಲರ್ ಹಾಕುವುದೂ ಒಂದು ದಾರಿ, ಆದರೆ 12ಕ್ಕೆ ಇಳಿಸಿದ ಮೇಲೆ ಮತ್ತೊಮ್ಮೆ ಅಮೋನಿಯ ಹಾಕಿ ಪರೀಕ್ಷಿಸದೆ ಜೀವಿಗಳನ್ನು ಬಿಡಬೇಡಿ. ಬೆಚ್ಚಗಿದ್ದಾಗ ಒಂದು ದಿನದಲ್ಲಿ ಕರಗಿಸಿದ್ದನ್ನು ತಣ್ಣಗಾದಾಗ ಅದೇ ಬ್ಯಾಕ್ಟೀರಿಯಗಳು ಎರಡು ಮೂರು ದಿನ ಎಳೆಯುತ್ತವೆ.

ಉಪ್ಪು ಅಳೆಯುವಾಗ ತೇಲುವ ಹೈಡ್ರೋಮೀಟರ್ ಮೋಸ ಮಾಡುತ್ತದೆ. 25 ಡಿಗ್ರಿಗೆ ಹೊಂದಿಸಿದ ಉಪಕರಣವನ್ನು 12 ಡಿಗ್ರಿ ನೀರಿನಲ್ಲಿ ಬಿಟ್ಟರೆ ಸಾಪೇಕ್ಷ ಸಾಂದ್ರತೆಯನ್ನು ಸುಮಾರು 0.003 ಹೆಚ್ಚು ತೋರಿಸುತ್ತದೆ, ಏಕೆಂದರೆ ತಣ್ಣೀರೇ ಹೆಚ್ಚು ಸಾಂದ್ರ. ಅದನ್ನು ನಂಬಿ ಸಿಹಿನೀರು ಸೇರಿಸಿದರೆ ಉಪ್ಪು (ಕಿಲೋ ನೀರಿಗೆ ಗ್ರಾಂ ಲೆಕ್ಕದಲ್ಲಿ) 31ರ ಹತ್ತಿರ ಬಂದಿರುತ್ತದೆ. ಮಾದರಿ ನೀರನ್ನು ಲೋಟದಲ್ಲಿ 25 ಡಿಗ್ರಿಗೆ ಬೆಚ್ಚಗಾಗಲು ಬಿಟ್ಟು ಅಳೆಯಿರಿ, ಇಲ್ಲವೇ ಉಷ್ಣತೆ ಸರಿದೂಗಿಸುವ ರಿಫ್ರಾಕ್ಟೋಮೀಟರ್ ಬಳಸಿ. ಗುರಿ 33ರಿಂದ 35.

ಯಾರನ್ನು ಸಾಕುವುದು ಎಂಬುದು ಚಿಲ್ಲರಿನ ಗುರಿಯನ್ನು ನಿರ್ಧರಿಸುತ್ತದೆ. ಉತ್ತರ ಅಮೆರಿಕದ ಪೆಸಿಫಿಕ್ ತೀರದ ಗುಂಪು ಅನಿಮೋನ್ ಆಂಥೋಪ್ಲ್ಯೂರಾ ಎಲಿಗ್ಯಾಂಟಿಸಿಮಾ, ಬ್ಯಾಟ್ ಸ್ಟಾರ್, ನೇರಳೆ ಅರ್ಚಿನ್, ಕೊಳದ ಪುಟ್ಟ ಸ್ಕಲ್ಪಿನ್ ಮೀನು, ಸನ್ಯಾಸಿ ಏಡಿ ಇವೆಲ್ಲ 11–13ರಲ್ಲಿ ಚೆನ್ನಾಗಿರುತ್ತವೆ. ಐರೋಪ್ಯ ಅಟ್ಲಾಂಟಿಕ್ ತೀರದ ಕೆಂಪು ಬೀಡ್ಲೆಟ್ ಅನಿಮೋನ್ ಮತ್ತು ಶ್ಯಾನಿ ಮೀನಿಗೆ 16ರವರೆಗೂ ತೊಂದರೆಯಿಲ್ಲ, ಆದ್ದರಿಂದ ಹೊಸಬರಿಗೆ ಇವೇ ಒಳ್ಳೆಯವು. ಓಕರ್ ನಕ್ಷತ್ರಮೀನು ಪಿಸಾಸ್ಟರ್ ಮಾತ್ರ ಹೊಸ ತೊಟ್ಟಿಗೆ ಬೇಡ. 2013ರಿಂದ ಪೆಸಿಫಿಕ್ ತೀರದ ನಕ್ಷತ್ರಮೀನುಗಳನ್ನು ಕರಗಿಸಿಹಾಕಿದ, ಮೈ ಕ್ಷೀಣಿಸುವ ರೋಗ ಅದನ್ನೂ ಬಿಟ್ಟಿಲ್ಲ. ಸೂರ್ಯಕಾಂತಿ ನಕ್ಷತ್ರಮೀನಿನಲ್ಲಿ ಆ ರೋಗಕ್ಕೆ ವಿಬ್ರಿಯೊ ಪೆಕ್ಟೆನಿಸಿಡಾ ಎಂಬ ಬ್ಯಾಕ್ಟೀರಿಯ ಕಾರಣ ಎಂದು 2025ರಲ್ಲಿ ಪ್ರಕಟವಾಯಿತು. ನೀರು ಬೆಚ್ಚಗಾದಷ್ಟೂ ರೋಗ ಬಿರುಸು. ಕಡಲಿನಲ್ಲೇ ಕಷ್ಟದಲ್ಲಿರುವ ಪ್ರಾಣಿಯನ್ನು ಪ್ರಯೋಗಕ್ಕೆ ತರುವುದು ಸರಿಯಲ್ಲ. ಯಾವುದೇ ಜೀವಿಯಾದರೂ ಆಯಾ ತೀರದ ಪರವಾನಗಿ ನಿಯಮ ಓದದೆ ಕಲ್ಲಿನಿಂದ ಕೀಳಬಾರದು, ತೊಟ್ಟಿಯಲ್ಲಿ ಬೆಳೆದದ್ದನ್ನು ಕಡಲಿಗೆ ವಾಪಸ್ ಬಿಡಲೂಬಾರದು.

ಕ್ಯಾಟಲೀನಾ ಗೋಬಿ ಎಂಬ ನೀಲಿ ಪಟ್ಟೆಯ ಕೆಂಪು ಮೀನನ್ನು ಹವಳದ ತೊಟ್ಟಿಗೆಂದು ಮಾರುವುದುಂಟು. 25 ಡಿಗ್ರಿಯಲ್ಲಿ ಅದರ ಆಯಸ್ಸು ಬೇಗ ಮುಗಿಯುತ್ತದೆ. 15–18 ಡಿಗ್ರಿಯ ಬೇರೆ ತೊಟ್ಟಿಯಿದ್ದರೆ ಈ ಚಿಲ್ಲರ್ ಅದನ್ನು ಸುಲಭವಾಗಿ ನಿಭಾಯಿಸುತ್ತದೆ.

ಕರೆಂಟ್ ಹೋದಾಗಲೂ ಹೊದಿಕೆಯ ಬೆಲೆ ಕಾಣುತ್ತದೆ. ಹೊದಿಸದ ತೊಟ್ಟಿ ಮುಕ್ಕಾಲು ಗಂಟೆಗೆ ಒಂದು ಡಿಗ್ರಿ ಏರುತ್ತದೆ, ಹೊದಿಸಿದ್ದು ಮೂರು ಗಂಟೆಗೂ ಮೀರಿ ತೆಗೆದುಕೊಳ್ಳುತ್ತದೆ. ಫ್ರೀಜರಿನಲ್ಲಿ ಗಟ್ಟಿಯಾದ 2 ಲೀಟರಿನ ಒಂದು ನೀರಿನ ಬಾಟಲಿ 150 ಲೀಟರನ್ನು ಒಂದೂಕಾಲು ಡಿಗ್ರಿ ಇಳಿಸುತ್ತದೆ. ಅಂದರೆ ಹೊದಿಸಿದ ತೊಟ್ಟಿಗೆ ನಾಲ್ಕು ಗಂಟೆಗೊಂದು ಬಾಟಲಿ ಸಾಕು. ಬಾಟಲಿಯ ಹೊರಮೈ ತೊಳೆದು, ಮುಚ್ಚಳ ಬಿಗಿದು ತೇಲಿಬಿಡಿ. ಜೊತೆಗೆ ಬ್ಯಾಟರಿಯ ಗಾಳಿ ಪಂಪು ಇರಲಿ. 12 ಡಿಗ್ರಿ ಕಡಲ ನೀರು ಲೀಟರಿಗೆ ಸುಮಾರು 8.6 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ, 25 ಡಿಗ್ರಿಯದು 6.7. ಅಲೆ ಹೊಡೆಯುವ ಬಂಡೆಯಿಂದ ಬಂದ ಜೀವಿಗಳು ಆ ಮೇಲಿನ ಮಟ್ಟಕ್ಕೆ ಒಗ್ಗಿಕೊಂಡಿವೆ, ನಿಂತ ನೀರು ಅವಕ್ಕೆ ಬಿಸಿಯಷ್ಟೇ ಅಪಾಯ.

ನಿರ್ವಹಣೆ ಕಡಿಮೆ, ಆದರೆ ತಪ್ಪಿಸುವಂತಿಲ್ಲ. ತಿಂಗಳಿಗೊಮ್ಮೆ ಮುಂದಿನ ಜಾಲರಿ ಬಿಚ್ಚಿ ಕಂಡೆನ್ಸರಿನ ರೆಕ್ಕೆಗಳ ಧೂಳನ್ನು ಮೆತ್ತನೆ ಬ್ರಷ್ಷಿನಿಂದ ಮೇಲಿಂದ ಕೆಳಕ್ಕೆ ತೆಗೆಯಿರಿ. ಅಡ್ಡಡ್ಡ ಉಜ್ಜಿದರೆ ರೆಕ್ಕೆ ಮಡಚಿಕೊಳ್ಳುತ್ತವೆ. ಜಿನುಗಿದ ಉಪ್ಪನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಯಂತ್ರ ಸಾಯುವುದು ಕಂಪ್ರೆಸರಿನಿಂದಲ್ಲ, ಎಷ್ಟೋ ಸಲ ಉಪ್ಪು ತಿಂದ ವೈರಿನ ತುದಿಯಿಂದ. ಕೋಶದ ಒಳಗೆ ಮಸ್ಸೆಲ್, ಬಾರ್ನಕಲ್‌ನಂಥ ಅಂಟಿಕೊಳ್ಳುವ ಚಿಪ್ಪುಜೀವಿಗಳ ಮರಿಗಳು ನೆಲೆಯೂರದಂತೆ ಚಿಲ್ಲರಿಗೆ ಹೋಗುವ ನೀರು ಮೊದಲು ಫಿಲ್ಟರ್ ಬಟ್ಟೆ ದಾಟಿ ಬರಲಿ. ಎರಡೂ ಪೈಪಿಗೆ ಬಾಲ್ ವಾಲ್ವ್ ಮತ್ತು ಯೂನಿಯನ್ (ಬಿಚ್ಚಿ ಜೋಡಿಸಬಹುದಾದ ಕೀಲು) ಜೋಡಿಸಿದ್ದರೆ ವರ್ಷಕ್ಕೊಮ್ಮೆ ಯಂತ್ರ ಬಿಡಿಸಿ, ಲೀಟರಿಗೆ 50 ಗ್ರಾಂ ಸಿಟ್ರಿಕ್ ಆಮ್ಲದ ದ್ರಾವಣವನ್ನು ಅರ್ಧ ಗಂಟೆ ಬಕೆಟ್ಟಿನಿಂದ ಹರಿಸಿ, ಸಿಹಿನೀರಿನಲ್ಲಿ ಎರಡು ಬಾರಿ ತೊಳೆದು ಮತ್ತೆ ಕೂರಿಸಬಹುದು. ಆ ಹೊತ್ತಿಗೆ ತೊಟ್ಟಿಗೆ ಒಂದು ಹೆಪ್ಪುಗಟ್ಟಿದ ಬಾಟಲಿ. ಯಂತ್ರವನ್ನು ಓರೆಯಾಗಿಸಿ ಎತ್ತಿದ್ದರೆ ನೆಟ್ಟಗೆ ಇಟ್ಟು ಕೆಲವು ಗಂಟೆ ಬಿಡಿ, ಎಣ್ಣೆ ಕಂಪ್ರೆಸರಿಗೆ ಇಳಿದ ಮೇಲೆ ಮೊದಲು ಪಂಪು, ನೀರು ಹರಿದು ಗಾಳಿಗುಳ್ಳೆ ನಿಂತ ನಂತರ ಚಿಲ್ಲರ್.